ಸಹಿ ಇಲ್ಲದ್ದು

ಮೊನ್ನೆವರೆಗೂ ಚೆನ್ನಾಗೇ ಇತ್ತು.
ನಿನ್ನೆ ಮುದಸ್ಸಿರ್ ಲ್ಯಾಪ್‌ಟಾಪಿನ ಬೆನ್ನು ಬಿಚ್ಚಿ
ಐದು ರೂಪಾಯಿ ನಾಣ್ಯದಷ್ಟಗಲ ಸೆಲ್ಲೊಂದನ್ನು ಬದಲಾಯಿಸಿದ.
ಗಡಿಯಾರ ಸರಿಹೋಯಿತು,
ವೈ-ಫೈ ಹೋಯಿತು.

ಕಡೂರಿನ ಸಬ್‌ರಿಜಿಸ್ಟ್ರಾರ್ ಕಚೇರಿ ಎದುರಿಗೆ
ಎಂಟಡಿ ಅಂಗಡಿ. ಬೋರ್ಡಿನಲ್ಲಿ ಇನ್ನೂ ಅಪ್ಪನ ಹೆಸರು,
ಕೆಳಗೆ ಸಣ್ಣಕ್ಷರದಲ್ಲಿ ನನ್ನದು: ಪತ್ರ ಬರಹಗಾರರು.
ಹನ್ನೊಂದೂವರೆಗೆ ಸ್ಲಾಟು.
ಬೆಂಚಿನ ಈ ತುದಿಗೆ ಓಂಕಾರಪ್ಪ, ಆ ತುದಿಗೆ ತಂಗಿ ಹಾಲಮ್ಮ,
ನಡುವೆ ಸಾಕ್ಷಿಗಳಿಬ್ಬರು, ಎಲೆಯಡಿಕೆ ಜಗಿಯುತ್ತ.
ಹಕ್ಕು ಬಿಡುಗಡೆ ಪತ್ರ, ಹನ್ನೆರಡು ಪುಟ.
ಯಗಟಿ ಕಡೆಯ ಎರಡೆಕರೆ ಹದಿನಾಲ್ಕು ಗುಂಟೆ,
ಅವಳು ಬಿಟ್ಟುಕೊಡುತ್ತಾಳೆ, ಅವನು ಇಟ್ಟುಕೊಳ್ಳುತ್ತಾನೆ.
ಅಷ್ಟೇ ಕತೆ, ಉಳಿದದ್ದು ಚಕ್ಕುಬಂದಿ.

ಪರದೆ ಮೂಲೆಯ ಬೀಸಣಿಗೆ ಗುರುತು ಕಾಣೆ.
ಸೆಟ್ಟಿಂಗಿನಲ್ಲಿ ನೋಡಿದರೆ: ಅಡಾಪ್ಟರ್ ಸಿಗಲಿಲ್ಲ.
ಫೋನಿನಿಂದಾದರೂ ಎಳೆಯೋಣವೆಂದು ಕೇಬಲ್ ಚುಚ್ಚಿದೆ,
ಚಾರ್ಜು ಹತ್ತಿತು, ನೆಟ್ಟು ದಾಟಲಿಲ್ಲ,
ಕರೆಂಟಿಗಷ್ಟೇ ಹುಟ್ಟಿದ ಕೇಬಲ್ಲು, ಸಂತೆಯದು, ನಲವತ್ತು ರೂಪಾಯಿ.

ಮುದಸ್ಸಿರ್ ಬೀರೂರಿನಲ್ಲಿ, ಯಾರದೋ ಪ್ರಿಂಟರಿನ ಹೊಟ್ಟೆಯೊಳಗೆ ಕೈ.
"ಕಪ್ಪು ಕಿಟಕಿ ತೆಗೀರಿ ಸರ್ವಮಂಗಳಕ್ಕ,
ಹೇಳಿದ್ದನ್ನ ಹೇಳಿದ ಹಾಗೇ ಹೊಡೀರಿ. ಮೊದಲು ಸುಡೋ..."
ಯಾರನ್ನೋ?
"ಅದು ಅದರ ಭಾಷೆ ಅಕ್ಕ. ಯಜಮಾನರ ಅಪ್ಪಣೆ ಅಂತ."
ಇರಲಿ. ನಾವು ಬರೆಯುವ ಮಜಕೂರು ಯಾರಿಗೆ ಅರ್ಥ?

ಪಾಸ್‌ವರ್ಡ್ ಒತ್ತಿದರೆ ಒಂದು ಚುಕ್ಕಿಯೂ ಮೂಡಲಿಲ್ಲ,
ಮಸಿಯಿಲ್ಲದೆ ಹೆಬ್ಬೆಟ್ಟು ಒತ್ತಿದ ಹಾಗೆ.
ಆದರೂ ಒಪ್ಪಿಕೊಂಡಿತು. ಸಾಲು ಸಾಲು ಉದುರಿಸಿತು.
ಕಾರ್ಡು ಇದೆ, ತನ್ನ ಜಾಗದಲ್ಲೇ ಕೂತಿದೆ.
ಡ್ರೈವರೂ ಇದೆ. ಕರೆದರೆ ಮಾತ್ರ ಬಾಗಿಲಲ್ಲೇ ತಡೆ:
ಬೇಕಾದ ಕೀಲಿ ಲಭ್ಯವಿಲ್ಲ.

"ಹಾಂ, ಗೊತ್ತಾಯ್ತು ಬಿಡಿ," ನಕ್ಕ.
"ಸೆಲ್ ತೆಗೆದಾಗ ಅದಕ್ಕೆ ಹಳೇ ಕಾನೂನು ನೆನಪಾಗಿದೆ.
ಸಹಿ ಇಲ್ಲದ್ದನ್ನ ಈಗ ಒಳಕ್ಕೆ ಬಿಡಲ್ಲ."

ಇಪ್ಪತ್ತಾರು ವರ್ಷ ಸಹಿಯ ಅನ್ನ ಉಂಡವಳು ನಾನು.
ಇಲ್ಲೊಂದು, ಇಲ್ಲೊಂದು, ಈ ಗೀಟಿನ ಪಕ್ಕ,
ಹಾಂ ಅಮ್ಮ, ತಿರುವಿ ಹಾಕಿ, ಇಲ್ಲೂ.
ಓದಬೇಕೆಂದು ಯಾರೂ ಕೇಳಿಲ್ಲ, ಓದಿ ಎಂದು ನಾನೂ ಅಂದಿಲ್ಲ.
ಒಂಬತ್ತು ಸಾವಿರಕ್ಕೆ ಕೊಂಡ ಹಳೇ ಪೆಟ್ಟಿಗೆ
ತಡಿ, ನೋಡಬೇಕು ಅನ್ನುತ್ತಿತ್ತು.

ಹೊಸ ಕೀಲಿ. ಅದಕ್ಕೊಂದು ಗುಟ್ಟಿನ ಪದ,
ಒಂದೇ ನಿಮಿಷ ನೆನಪಿಟ್ಟುಕೊಂಡು ಆಮೇಲೆ ಮರೆಯುವಂಥದ್ದು.
ಆರಿಸಿ ಹೊತ್ತಿಸಿದರೆ ನೀಲಿ ಪರದೆ,
ಹತ್ತು ಎಣಿಸುವುದರೊಳಗೆ ಒಂದು ಕೀ ಒತ್ತಬೇಕು.
ಏಳರಲ್ಲಿದ್ದೆ. ಹಾಲಮ್ಮ ಕರೆದಳು.

ಕರಡು ಅವಳ ತೊಡೆಯ ಮೇಲಿತ್ತು,
ಅಕ್ಷರದ ಕೆಳಗೆ ಬೆರಳಿಟ್ಟು ಆರನೇ ಪುಟಕ್ಕೆ ಬಂದಿದ್ದಳು.
"ಇಲ್ಲಿ ಸ್ವಸಂತೋಷದಿಂದ ಅಂತ ಬರೆದೀರಲ್ಲ,
ಅದನ್ನ ನಿಮಗೆ ಯಾರು ಹೇಳಿದ್ದು?"

ನೀಲಿ ಪರದೆ ಜಾರಿಹೋಯಿತು.
ಅದು ಪತ್ರದ ಭಾಷೆ ಕಣಮ್ಮ ಎನ್ನಲು ಬಾಯಿ ತೆರೆದೆ.
ತೆರೆದೇ ಇದ್ದೆ.
ಓಂಕಾರಪ್ಪ ಲ್ಯಾಪ್‌ಟಾಪನ್ನು ಬೈದ,
"ಈ ಮುಂಡೇದು ಯಾವಾಗ ಸರಿಹೋಗೋದು?"

ಮತ್ತೆ ಮೊದಲಿಂದ. ಮತ್ತೆ ಸುಡೋ.
ಹಾಲಮ್ಮ ಎದ್ದಳು, ಕರಡನ್ನು ನಾಲ್ಕು ಮಡಿಕೆ ಮಾಡಿ
ಬ್ಯಾಗಿನಲ್ಲಿ ಟಿಫನ್ ಡಬ್ಬಿಯ ಕೆಳಗಿಟ್ಟಳು.
"ಮಗಳು ಓದ್ತಾಳೆ. ಓದಿಸ್ಕೊಂಡು ಬರ್ತೀನಿ."
ಹನ್ನೆರಡೂ ಕಾಲಿನ ಬಸ್ಸು ಸ್ಟ್ಯಾಂಡಿನಲ್ಲೇ ಇತ್ತೇನೋ,
ಓಡಲಿಲ್ಲ, ನಡೆದೇ ಹೋದಳು.

ಈ ಸಲ ನಾಲ್ಕಕ್ಕೇ ಒತ್ತಿದೆ.
ಗುಟ್ಟಿನ ಪದ ಕೇಳಿತು, ಕೊಟ್ಟೆ.
ಬೀಸಣಿಗೆ ಬಿಚ್ಚಿಕೊಂಡಿತು, ಮೂರು ಗೀಟು,
ಬೇಕರಿಯದು, ಎಲ್‌ಐಸಿ ಏಜೆಂಟರದು, ಯಾರದೋ ಬೀಗ ಹಾಕಿದ್ದು,
ಅವುಗಳ ನಡುವೆ ನಮ್ಮದು.
ನೆಟ್ಟು ಬಂದದ್ದೇ ಮೊದಲು ಮಾಡಿದ ಕೆಲಸ
ಸ್ಲಾಟು ರದ್ದು ಮಾಡಿದ್ದು.

ಸಂಜೆ ಮುದಸ್ಸಿರ್ ಫೋನು:
"ಬಂತಾ ಅಕ್ಕ? ಆ ಸಹಿ ಕೇಳೋ ಕಾನೂನನ್ನೇ ಆಫ್ ಮಾಡಿಬಿಡ್ಲಾ?
ಇನ್ಮೇಲೆ ತರಲೆ ಇರಲ್ಲ."

ಬೇಡ, ಅಂದೆ. ಅದು ಇರಲಿ.